ಮೊದಲು ಮೀಟರ್, ಆಮೇಲೆ ಶೋರೂಂ: ಇವಿಯಲ್ಲಿ ನಿಜಕ್ಕೂ ದುಡ್ಡು ಉಳಿಸುವ ಕ್ರಮ

ಕಳೆದ ಒಂದು ವರ್ಷದಲ್ಲಿ ಮಂಗಳೂರು, ಉಡುಪಿ ಕಡೆ ಇವಿ, ಅಂದರೆ ಕರೆಂಟಿನಲ್ಲಿ ಓಡುವ ಗಾಡಿ ತಗೊಂಡ ನಾಲ್ಕೈದು ಮನೆಯವರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದಾರೆ. "ಗಾಡಿ ತಗೊಂಡಾಯ್ತು, ಪೆಟ್ರೋಲ್ ಹಾಕುವುದು ನಿಂತಿತು. ಆದರೂ ಲೆಕ್ಕ ಹಾಕಿದಷ್ಟು ಉಳಿಯುತ್ತಿಲ್ಲ. ಎಲ್ಲಿ ಹೋಗ್ತಾ ಉಂಟು ಮಾರಾಯ್ರೆ ದುಡ್ಡು?"

ಅವರ ಬಿಲ್ಲು ಬಿಡಿಸಿ ನೋಡಿದರೆ ಎಲ್ಲರದ್ದೂ ಒಂದೇ ತಪ್ಪು. ಮೊದಲು ಶೋರೂಂಗೆ ಹೋಗಿದ್ದಾರೆ, ಗಾಡಿ ಬುಕ್ ಮಾಡಿದ್ದಾರೆ, ಆಮೇಲೆ ಚಾರ್ಜರ್, ಕೊನೆಗೆ ಕರೆಂಟ್ ಬಿಲ್. ಇದನ್ನು ತಲೆಕೆಳಗು ಮಾಡಬೇಕು. ಉಳಿತಾಯ ಆಗುವುದೂ ಸೋರುವುದೂ ಮನೆಯ ಮೀಟರ್‌ನಲ್ಲೇ. ಅದಕ್ಕೆ ಅಲ್ಲಿಂದಲೇ ಶುರು ಮಾಡೋಣ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಈಗಾಗಲೇ ಗಾಡಿ ತಗೊಂಡವರು 6ನೇ ಹಂತ ಬಿಟ್ಟು ಉಳಿದದ್ದನ್ನು ಮಾಡಬಹುದು.

ಕೈಯಲ್ಲಿ ಇರಬೇಕಾದದ್ದು

ಕಳೆದ 12 ತಿಂಗಳ ಮೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್, ಒಂದು ನೋಟ್‌ಬುಕ್, ಫೋನಿನ ಕ್ಯಾಲ್ಕುಲೇಟರ್. ಹಳೆ ಬಿಲ್ ಕಳೆದುಹೋಗಿದ್ದರೆ ಆರ್‌ಆರ್ ನಂಬರ್ (ನಿಮ್ಮ ವಿದ್ಯುತ್ ಸಂಪರ್ಕದ ಸಂಖ್ಯೆ) ಹಿಡಿದು ನಿಮ್ಮ ಸೆಕ್ಷನ್ ಆಫೀಸಿನಲ್ಲಿ ಕೇಳಿ. ವೈರಿಂಗ್ ನೋಡುವುದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಬೇಕು. ಇಷ್ಟು ಸಾಕು.

1. ಬಿಲ್ಲಿನಲ್ಲಿ ಮೂರು ಅಂಕಿ ಹುಡುಕಿ

ಮೊದಲನೆಯದು ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಂದೇ ಸಲಕ್ಕೆ ಎಳೆಯಬಹುದಾದ ಕರೆಂಟಿನ ಮಿತಿ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ 2 ಅಥವಾ 3 ಕಿಲೋವ್ಯಾಟ್ ಎಂದಿರುತ್ತದೆ. ಎರಡನೆಯದು ತಿಂಗಳಿಗೆ ಸುಟ್ಟ ಯೂನಿಟ್. ಒಂದು ತಿಂಗಳದ್ದು ಸಾಲದು. ಏಪ್ರಿಲ್, ಮೇ ತಿಂಗಳ ಬಿಲ್ ಮುಖ್ಯ, ಯಾಕೆಂದರೆ ಆಗ ಫ್ಯಾನ್, ಎಸಿ ಬಿಡುವಿಲ್ಲದೆ ಓಡುತ್ತವೆ. ಮೂರನೆಯದು ನಿಮ್ಮ ಗೃಹಜ್ಯೋತಿ ಅರ್ಹತೆಯ ಯೂನಿಟ್.

ದರದ ಲೆಕ್ಕವೂ ಗೊತ್ತಿರಲಿ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದೇಶದಲ್ಲಿ 2025-26ಕ್ಕೆ ಗೃಹ ಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ ಇತ್ತು. ವಿದ್ಯುತ್ ನೌಕರರ ಪಿಂಚಣಿ ಬಾಬ್ತು 36 ಪೈಸೆ ಬೇರೆ. ವಿದ್ಯುತ್ ದರದ ಮೇಲೆ 9% ತೆರಿಗೆ. ಎಲ್ಲ ಸೇರಿಸಿದರೆ ಯೂನಿಟ್‌ಗೆ ಸುಮಾರು 6.70. ಇದಲ್ಲದೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಇತ್ತು. ಕೆಳಗಿನ ಲೆಕ್ಕವೆಲ್ಲ ಈ ದರದ್ದೇ. ದರ ಪರಿಷ್ಕರಣೆ ಆದಾಗ ನಿಮ್ಮ ಹೊಸ ಬಿಲ್ಲಿನ ಅಂಕಿಯನ್ನೇ ಇಲ್ಲಿ ಹಾಕಿಕೊಳ್ಳಿ. ಲೆಕ್ಕದ ದಾರಿ ಬದಲಾಗುವುದಿಲ್ಲ.

2. ನಿಮ್ಮ ಓಡಾಟವನ್ನು ಯೂನಿಟ್‌ಗೆ ಇಳಿಸಿ

ಒಂದು ವಾರ ಈಗಿನ ಗಾಡಿಯ ಕಿಲೋಮೀಟರ್ ಬರೆದಿಡಿ. ಅಂದಾಜು ಬೇಡ, ಬರೆಯಿರಿ. ಸುರತ್ಕಲ್‌ನಿಂದ ಹಂಪನಕಟ್ಟೆಗೆ ಹೋಗಿ ಬರುವವರಿಗೆ ದಿನಕ್ಕೆ 35 ಕಿ.ಮೀ. ಆಸುಪಾಸು. ಸಂಜೆಯ ಸಣ್ಣಪುಟ್ಟ ಓಡಾಟ ಸೇರಿ 40 ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ದಿನ ಅಂದರೆ 1,040 ಕಿ.ಮೀ.

ಸ್ಕೂಟರ್‌ಗೆ 100 ಕಿ.ಮೀ.ಗೆ ಗೋಡೆಯ ಪ್ಲಗ್‌ನಿಂದ ಎಳೆಯುವ ಕರೆಂಟ್ ಸುಮಾರು 3.5 ಯೂನಿಟ್. ಸಣ್ಣ ಕಾರಿಗೆ ಸುಮಾರು 14. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ನಷ್ಟವೂ ಇದರಲ್ಲಿ ಸೇರಿದೆ. ಕಂಪನಿಯವರು ಹೇಳುವ ರೇಂಜ್ ಹಿಡಿದು ಲೆಕ್ಕ ಮಾಡಬೇಡಿ. ಅದರಲ್ಲಿ ಈ ನಷ್ಟ ಇರುವುದಿಲ್ಲ. ನಮ್ಮ ಏರು ತಗ್ಗಿನ ರಸ್ತೆಯೂ ಇರುವುದಿಲ್ಲ.

ಅಲ್ಲಿಗೆ ಸ್ಕೂಟರ್‌ಗೆ ತಿಂಗಳಿಗೆ 36 ಯೂನಿಟ್. ಕಾರು 1,000 ಕಿ.ಮೀ. ಓಡಿದರೆ 140 ಯೂನಿಟ್. ಈ ಅಂಕಿಯನ್ನು ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದಿಡಿ.

3. 200 ಯೂನಿಟ್‌ನ ಗೆರೆ ದಾಟುತ್ತೀರಾ ನೋಡಿ

ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗುವುದು ಇಲ್ಲಿ. ಇದನ್ನು ಯಾವ ಶೋರೂಂನಲ್ಲೂ ನನಗೆ ಯಾರೂ ಹೇಳಿದ್ದಿಲ್ಲ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಎಷ್ಟಿತ್ತೋ ಸಾಮಾನ್ಯವಾಗಿ ಅದರ ಮೇಲೆ 10% ಸೇರಿಸಿದರೆ ಬರುವುದು ನಿಮ್ಮ ಅರ್ಹತೆ. ಅದರೊಳಗೆ ಇದ್ದರೆ ಬಿಲ್ ಸೊನ್ನೆ. ಅರ್ಹತೆ ದಾಟಿ 200ರ ಒಳಗೆ ಇದ್ದರೆ ಜಾಸ್ತಿ ಆದ ಯೂನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ನೀವೇ ಕಟ್ಟಬೇಕು.

ಒಂದು ಮನೆಯ ಲೆಕ್ಕ ನೋಡಿ. ತಿಂಗಳ ಬಳಕೆ 110 ಯೂನಿಟ್, ಅರ್ಹತೆ 120, ಲೋಡ್ 3 ಕಿಲೋವ್ಯಾಟ್. ಇಲ್ಲಿಯವರೆಗೆ ಬಿಲ್ ಸೊನ್ನೆ.

ಆ ಮನೆಗೆ ಸ್ಕೂಟರ್ ಬಂತು. 110ಕ್ಕೆ 36 ಸೇರಿ 146. ಅರ್ಹತೆಗಿಂತ 26 ಜಾಸ್ತಿ. ಹೆಚ್ಚಾದ ಯೂನಿಟ್‌ಗೆ ಸುಮಾರು 175 ರೂಪಾಯಿ. ಸಾವಿರ ಕಿಲೋಮೀಟರ್ ಓಡಿದ್ದಕ್ಕೆ 175 ರೂಪಾಯಿ! ಇದಕ್ಕಿಂತ ಅಗ್ಗದ ಓಡಾಟ ಇಲ್ಲ.

ಅದೇ ಮನೆಗೆ ಕಾರು ಬಂತು ಅಂದುಕೊಳ್ಳಿ. 110ಕ್ಕೆ 140 ಸೇರಿ 250. ಗೆರೆ ದಾಟಿತು. 250 ಯೂನಿಟ್‌ಗೆ 1,450, ತೆರಿಗೆ 130, ಪಿಂಚಣಿ ಬಾಬ್ತು 90, ನಿಗದಿತ ಶುಲ್ಕ 435. ಒಟ್ಟು 2,100 ರೂಪಾಯಿ ಚಿಲ್ಲರೆ. ಮೊದಲು ಸೊನ್ನೆ ಇದ್ದ ಬಿಲ್ ಅಲ್ವಾ? ಹಾಗಾಗಿ ಈ 2,100 ಪೂರ್ತಿ ಕಾರಿನ ಖರ್ಚೇ. 140 ಯೂನಿಟ್‌ಗೆ ಭಾಗಿಸಿ ನೋಡಿ: ಯೂನಿಟ್‌ಗೆ 15 ರೂಪಾಯಿ ಬೀಳುತ್ತದೆ. 5.80ರ ಕರೆಂಟ್ ಅಂದುಕೊಂಡು ತಂದ ಕಾರು ಇದು.

ಪೆಟ್ರೋಲ್‌ಗೆ ಹೋಲಿಸಿದರೆ ಆಗಲೂ ಲಾಭವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ತಿಂಗಳಿಗೆ ಸಾವಿರದಷ್ಟು ಸುಮ್ನೆ ಬಿಟ್ಟುಕೊಡುವುದು ಯಾಕೆ? ದಾರಿ ಎರಡಿವೆ.

ಮೊದಲನೆಯದು, ಗಾಡಿಗೆ ಪ್ರತ್ಯೇಕ ಮೀಟರ್. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು. ಇವಿ ಚಾರ್ಜಿಂಗ್‌ಗೆ ಬೇರೆ ಸಂಪರ್ಕ ಕೇಳುವ ಹಕ್ಕು ಅದರಲ್ಲಿ ಸ್ಪಷ್ಟವಾಗಿ ಇದೆ. ಹೊಸ ಸಂಪರ್ಕ ಕೊಡಲು ಮಹಾನಗರಗಳಲ್ಲಿ 3 ದಿನ, ಉಳಿದ ನಗರಾಡಳಿತ ಪ್ರದೇಶದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ ಎಂಬ ಗಡುವೂ ಇದೆ. ಕರ್ನಾಟಕದಲ್ಲಿ ಇವಿ ಚಾರ್ಜಿಂಗ್‌ಗೆ ಎಲ್‌ಟಿ-6ಸಿ ಎಂಬ ಬೇರೆ ವರ್ಗವಿದೆ. ಅದರ ಯೂನಿಟ್ ದರ ಮನೆಯ ದರಕ್ಕಿಂತ ಕಡಿಮೆ. ಆ ಮೀಟರ್‌ನ ಯೂನಿಟ್ ನಿಮ್ಮ ಮನೆಯ 200ಕ್ಕೆ ಸೇರುವುದಿಲ್ಲ. ಮನೆಯ ದರವನ್ನೇ ಹಿಡಿದರೂ 140 ಯೂನಿಟ್‌ಗೆ 940 ರೂಪಾಯಿ ಆಗುತ್ತದೆ, ಮೇಲೆ ಆ ಮೀಟರ್‌ನ ನಿಗದಿತ ಶುಲ್ಕ. 2,100ಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅರ್ಜಿ ಕೊಡುವಾಗ ಯಾವ ವರ್ಗ ಎಂದು ಬರೆಸುವುದನ್ನು ಮರೆಯಬೇಡಿ. ಸುಮ್ನೆ ಎರಡನೇ ಮೀಟರ್ ಎಂದರೆ ಬೇರೆ ವರ್ಗಕ್ಕೆ ಹೋಗಿಬಿಡಬಹುದು. ಠೇವಣಿ, ವೈರಿಂಗ್ ಖರ್ಚು ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.

ಎರಡನೆಯದು, 160-180ರ ಹತ್ತಿರ ಬಂದು ನಿಲ್ಲುವ ಮನೆಗಳಿಗೆ. ರೀಡಿಂಗ್‌ನವರು ಯಾವ ತಾರೀಕಿಗೆ ಬರುತ್ತಾರೆ ಎಂದು ಗುರುತು ಹಾಕಿ. ಅದಕ್ಕೆ ಒಂದು ವಾರ ಮುಂಚೆ ನೀವೇ ಮೀಟರ್ ನೋಡಿ, ಹಿಂದಿನ ರೀಡಿಂಗ್ ಕಳೆಯಿರಿ. 200ರ ಹತ್ತಿರ ಬಂದಿದ್ದರೆ ಕೊನೆಯ ಎರಡು ಮೂರು ದಿನ ಆಫೀಸಿನಲ್ಲೋ ಹೊರಗೋ ಚಾರ್ಜ್ ಮಾಡಿ. ಉಡುಪಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ 20ನೇ ತಾರೀಕಿಗೆ ಸುತ್ತು ಹಾಕಿ "ಮೀಟರ್" ಎಂದು ಬರೆದಿರುತ್ತದೆ. ಮೇ ತಿಂಗಳಲ್ಲಿ ಒಮ್ಮೆ 204ಕ್ಕೆ ಹೋಗಿ ಪೂರ್ತಿ ಬಿಲ್ ಕಟ್ಟಿದ ಮೇಲೆ ಶುರು ಮಾಡಿದ ಅಭ್ಯಾಸ. ಬರೀ 4 ಯೂನಿಟ್!

4. ದೊಡ್ಡ ಚಾರ್ಜರ್‌ಗೆ ಬೇಗ ಹೂಂ ಅನ್ನಬೇಡಿ

ಕಾರಿನ ಜೊತೆ 7.2 ಕಿಲೋವ್ಯಾಟ್‌ನ ಗೋಡೆಯ ಚಾರ್ಜರ್ ಉಚಿತ ಎನ್ನುತ್ತಾರೆ. ಚಾರ್ಜರ್ ಉಚಿತ ಇರಬಹುದು, ಲೋಡ್ ಉಚಿತ ಅಲ್ಲ. 3 ಕಿಲೋವ್ಯಾಟ್ ಮನೆಯಲ್ಲಿ ಅದು ನಡೆಯುವುದಿಲ್ಲ. 8ಕ್ಕೆ ಏರಿಸಬೇಕು. 5 ಕಿಲೋವ್ಯಾಟ್ ಜಾಸ್ತಿ ಆದರೆ, ಮೇಲೆ ಹೇಳಿದ ನಿಗದಿತ ಶುಲ್ಕದ ದರದಲ್ಲಿ ತಿಂಗಳಿಗೆ 725 ರೂಪಾಯಿ, ವರ್ಷಕ್ಕೆ 8,700. ಗಾಡಿ ಓಡಿಸಿದರೂ ಓಡಿಸದಿದ್ದರೂ ಕಟ್ಟಲೇಬೇಕು.

ನಿಮಗೆ ನಿಜಕ್ಕೂ ಎಷ್ಟು ಬೇಕು? ಮನೆಯ 16 ಆಂಪಿಯರ್ ಪ್ಲಗ್‌ಗೆ ಹಾಕುವ ಪೋರ್ಟಬಲ್ ಚಾರ್ಜರ್ 10 ಆಂಪಿಯರ್‌ನಲ್ಲಿ 2.3 ಕಿಲೋವ್ಯಾಟ್ ಎಳೆಯುತ್ತದೆ. ರಾತ್ರಿ 8 ಗಂಟೆಯಲ್ಲಿ 18 ಯೂನಿಟ್. ಸಣ್ಣ ಕಾರಿಗೆ ಅದು ಸುಮಾರು 125 ಕಿ.ಮೀ. ದಿನಾ ಮಂಗಳೂರು-ಉಡುಪಿ ಹೋಗಿ ಬರುವವರಿಗೂ ಸಾಕು. ದಿನಕ್ಕೆ 150 ಕಿ.ಮೀ. ದಾಟುವವರಿಗೆ, ಇಲ್ಲವೇ ಮನೆಯಲ್ಲಿ ಎರಡು ಕಾರಿದ್ದವರಿಗೆ ಮಾತ್ರ ದೊಡ್ಡ ಚಾರ್ಜರ್ ಬೇಕು.

ಗೀಸರ್, ಪಂಪ್, ಇಸ್ತ್ರಿ ಪೆಟ್ಟಿಗೆ ಓಡುವಾಗ ಚಾರ್ಜ್ ಹಾಕಬೇಡಿ. ರಾತ್ರಿ 11ಕ್ಕೆ ಶುರುವಾಗುವ ಹಾಗೆ ಟೈಮರ್ ಇಡಿ. ಲೋಡ್ ಏರಿಸದೆ ನಡೆಯುತ್ತದೆ.

5. ಪ್ಲಗ್, ವೈರ್, ಅರ್ಥಿಂಗ್: ಇಲ್ಲಿ ಮಾತ್ರ ಉಳಿಸಬೇಡಿ

ನಮ್ಮ ಮನೆಯಲ್ಲೇ ಆದದ್ದು. ಸ್ಕೂಟರ್ ಬಂದ ಹೊಸತರಲ್ಲಿ ಹಳೆಯ ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಚಾರ್ಜ್ ಹಾಕುತ್ತಿದ್ದೆ. ಮೂರನೇ ವಾರ ಬೆಳಿಗ್ಗೆ ಜಗಲಿಗೆ ಬಂದರೆ ಮೀನು ಕಮಟಿದ ಹಾಗೆ ಒಂದು ವಾಸನೆ. ಪ್ಲಗ್ ಎಳೆದರೆ ಬರಲಿಲ್ಲ. ಒಂದು ಪಿನ್ ಸಾಕೆಟ್‌ಗೆ ಅಂಟಿಕೊಂಡಿತ್ತು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಎಲೆಕ್ಟ್ರಿಷಿಯನ್ ಅಣ್ಣ ಬಂದು ನೋಡಿದವರೇ, "ಇನ್ನು ಎರಡು ದಿನ ಬಿಟ್ಟಿದ್ರೆ ಬೆಂಕಿ ಹತ್ತುತ್ತಿತ್ತು" ಅಂದರು. ಆ ವಾಸನೆ ಬಂದರೆ ಕಾಯಬೇಡಿ. ಮೊದಲು ಮೈನ್ ಆಫ್ ಮಾಡಿ.

ಬೇಕಾದದ್ದು ಇಷ್ಟು. ಮೈನ್ ಬೋರ್ಡ್‌ನಿಂದ ನೇರ ಬರುವ ಬೇರೆ ಲೈನ್. 4 ಚದರ ಮಿ.ಮೀ. ತಾಮ್ರದ ವೈರ್. 20 ಆಂಪಿಯರ್ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್). ಒಳ್ಳೆಯ 16 ಆಂಪಿಯರ್ ಸಾಕೆಟ್. ಮಳೆ ಎರಚಲು ಹೊಡೆಯುವ ಗೋಡೆಗೆ ಬೇಡ. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಪಡುವಣ ಗಾಳಿಯ ಜೊತೆ ಅಡ್ಡ ಬರುತ್ತದೆ, ಪಡು ಮುಖದ ಗೋಡೆ ಬಿಟ್ಟುಬಿಡಿ.

ಅರ್ಥಿಂಗ್ ವಿಷಯಕ್ಕೆ ಬರೋಣ. ಇದು ನಮ್ಮ ಊರಿನದ್ದೇ ತೊಂದರೆ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಹಿಡಿದಿರುತ್ತದೆ, ಮಾರ್ಚ್ ಬಂತೆಂದರೆ ಒಣಗಿ ಕಲ್ಲಾಗುತ್ತದೆ. ಆಗ ಅರ್ಥ್ ಕೆಲಸ ಮಾಡುವುದಿಲ್ಲ. ಜುಲೈಯಲ್ಲಿ ಚೆನ್ನಾಗಿದ್ದ ಚಾರ್ಜರ್ ಏಪ್ರಿಲ್‌ನಲ್ಲಿ ಕೆಂಪು ದೀಪ ತೋರಿಸಿ ನಿಂತರೆ, ಚಾರ್ಜರ್ ಹಾಳಾಗಿದೆ ಎಂದು ಹೊಸದಕ್ಕೆ ದುಡ್ಡು ಕೊಡಬೇಡಿ. ಮೊದಲು ಅರ್ಥ್ ಗುಂಡಿಗೆ ಎರಡು ಕೊಡಪಾನ ನೀರು ಹಾಕಿ ನೋಡಿ. ದೀಪ ಹಸಿರಾದರೆ ತೊಂದರೆ ನೆಲದ್ದು. ಗುಂಡಿಯನ್ನು ಬಚ್ಚಲ ನೀರು ಹೋಗುವ ಕಡೆ ಆಳವಾಗಿ ತೋಡಿಸಿ. ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಎಷ್ಟು ವೋಲ್ಟ್ ಇದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸಿ. ಐದಕ್ಕಿಂತ ಮೇಲೆ ತೋರಿಸಿದರೆ ಸರಿ ಮಾಡಿಸಲೇಬೇಕು. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನು ತೆಗೆಸಿ ನೇರ ಕೊಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಗಾಡಿ ಮುಟ್ಟುವುದು ಮನೆಯ ಮಕ್ಕಳೇ.

ಮಳೆ ಶುರುವಾಗುವ ಮುಂಚಿನ ಸಿಡಿಲಿಗೆ ಪ್ಲಗ್ ಕಿತ್ತಿಡಿ. ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯದು.

6. ಈಗ ಶೋರೂಂಗೆ ಹೋಗಿ, ಕೊಟೇಶನ್ ಸಾಲು ಸಾಲಾಗಿ ಓದಿ

ಒಟ್ಟು ಮೊತ್ತ ಕೇಳಬೇಡಿ. ಬಿಡಿಬಿಡಿಯಾಗಿ ಬರೆದುಕೊಡಿ ಎನ್ನಿ.

ಜಿಎಸ್‌ಟಿ: ಇವಿಗೆ 5%. 2019ರ ಆಗಸ್ಟ್‌ನಿಂದ ಇದೇ ದರ.

ಕೇಂದ್ರದ ಸಹಾಯಧನ: ಪಿಎಂ ಇ-ಡ್ರೈವ್ ಯೋಜನೆ 2024ರ ಅಕ್ಟೋಬರ್ 1ಕ್ಕೆ ಶುರುವಾಯಿತು. ದ್ವಿಚಕ್ರ ವಾಹನಕ್ಕೆ ಮೊದಲ ವರ್ಷ ಗರಿಷ್ಠ 10,000 ರೂಪಾಯಿ ಇತ್ತು. 2025-26ಕ್ಕೆ ಅದು ಅರ್ಧವಾಯಿತು: ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 2,500, ಗರಿಷ್ಠ 5,000. 2025ರ ಆಗಸ್ಟ್‌ನ ಅಧಿಸೂಚನೆ ಸ್ಕೂಟರ್‌ಗಳ ಗಡುವನ್ನು 2026ರ ಮಾರ್ಚ್ 31 ಎಂದು ಹೇಳಿತ್ತು. ಸ್ವಂತ ಬಳಕೆಯ ಕಾರಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ಒಂದು ಮಾತು ನೆನಪಿಡಿ: ಈ ಹಣ ಸಿಗುವುದಾದರೆ ಬಿಲ್ಲಿನಲ್ಲೇ ಕಡಿತವಾಗಬೇಕು. ಪೂರ್ತಿ ಕಟ್ಟಿ, ಸಬ್ಸಿಡಿ ಆಮೇಲೆ ನಿಮ್ಮ ಖಾತೆಗೆ ಬರುತ್ತದೆ ಎಂದರೆ ಅಲ್ಲೇ ನಿಲ್ಲಿಸಿ.

ರಸ್ತೆ ತೆರಿಗೆ: 2024ರ ತಿದ್ದುಪಡಿಯಲ್ಲಿ ಕರ್ನಾಟಕ 25 ಲಕ್ಷಕ್ಕಿಂತ ಮೇಲಿನ ಇವಿ ಕಾರುಗಳಿಗೆ 10% ಜೀವಾವಧಿ ತೆರಿಗೆ ಹಾಕಿತು. ತೆರಿಗೆಯ ನಿಯಮ ಬಜೆಟ್ ಹೊತ್ತಿಗೆ ಬದಲಾಗುವಂಥದ್ದು. ಬುಕ್ ಮಾಡುವ ವಾರವೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ನೋಂದಣಿ ಪತ್ರದ ಶುಲ್ಕದಿಂದ ಬ್ಯಾಟರಿ ವಾಹನಗಳಿಗೆ 2021ರ ಆಗಸ್ಟ್‌ನಲ್ಲೇ ವಿನಾಯಿತಿ ಸಿಕ್ಕಿದೆ. ಕೊಟೇಶನ್‌ನಲ್ಲಿ ಆ ಹೆಸರಿನಲ್ಲಿ ದೊಡ್ಡ ಮೊತ್ತ ಕಂಡರೆ ಯಾವುದಕ್ಕೆ ಎಂದು ಕೇಳಿ. ನನ್ನ ಕೊಟೇಶನ್‌ನಲ್ಲಿ "ಹ್ಯಾಂಡ್ಲಿಂಗ್" ಎಂದು ಒಂದು ಸಾಲು ಇತ್ತು. ಯಾವ ನಿಯಮದ ಪ್ರಕಾರ ಎಂದು ಬರೆದುಕೊಡಿ ಅಂದೆ. ಹತ್ತು ನಿಮಿಷದಲ್ಲಿ ಆ ಸಾಲು ಮಾಯವಾಯಿತು.

ವಿಮೆ: ಥರ್ಡ್ ಪಾರ್ಟಿ ಕಂತಿನಲ್ಲಿ ಇವಿಗೆ 15% ರಿಯಾಯಿತಿ ಇದೆ. ಅಲ್ಲೇ ಮಾಡಿಸಬೇಕೆಂದಿಲ್ಲ, ಹೊರಗೂ ದರ ಕೇಳಿ. ಆದರೆ ಬ್ಯಾಟರಿಗೆ ನೀರು ಹೋದರೆ ಪರಿಹಾರ ಸಿಗುತ್ತದೆಯೇ ಎಂದು ಓದಿಯೇ ಸಹಿ ಹಾಕಿ. ಕೊಟ್ಟಾರ ಚೌಕಿ, ಪಂಪ್‌ವೆಲ್‌ನಲ್ಲಿ ಜೋರು ಮಳೆಗೆ ನೀರು ನಿಲ್ಲುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಸಾಲದ ಬಡ್ಡಿ: ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಮಿನಲ್ಲಿ ಒಂದೂವರೆ ಲಕ್ಷದ ತನಕ ಆದಾಯ ತೆರಿಗೆ ಕಡಿತ ಸಿಗುತ್ತದೆ ಎಂದು ಇನ್ನೂ ಹೇಳುತ್ತಾರೆ. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ ಅದು. ಹೊಸ ಸಾಲದ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ.

ಟೋಲ್‌ನಲ್ಲಿ ಇವಿ ಎಂದು ಬಿಡುವುದಿಲ್ಲ. ಹೆಜಮಾಡಿ, ಸಾಸ್ತಾನದಲ್ಲಿ ಪದೇ ಪದೇ ಹೋಗುವ ಕಾರಿನವರು ವಾರ್ಷಿಕ ಫಾಸ್ಟ್‌ಟ್ಯಾಗ್ ಪಾಸ್ ಮಾಡಿಸಿ, 2025ರಲ್ಲಿ ಶುರುವಾದಾಗ ಅದು 3,000 ರೂಪಾಯಿ ಇತ್ತು. 200 ಸಲ ದಾಟಬಹುದು.

7. ಫ್ಲ್ಯಾಟ್‌ನಲ್ಲಿ ಇರುವವರು

ಕದ್ರಿ, ಬೆಜೈ, ಮಣಿಪಾಲದ ಫ್ಲ್ಯಾಟ್‌ಗಳಲ್ಲಿ ಜಗಳ ಶುರುವಾಗುವುದು ಕಾಮನ್ ಮೀಟರ್‌ನಿಂದ ಚಾರ್ಜ್ ಹಾಕಿದಾಗ. ಗಾಡಿ ಬರುವ ಮುಂಚೆ ಅಸೋಸಿಯೇಶನ್‌ಗೆ ಬರೆದು ಕೊಡಿ. ನಿಮ್ಮ ಸ್ವಂತ ಮೀಟರ್‌ನಿಂದ ಪಾರ್ಕಿಂಗ್‌ಗೆ ಕೇಬಲ್ ಎಳೆಯುವುದು ಒಂದು ದಾರಿ. ಕೇಬಲ್ ಉದ್ದ ಜಾಸ್ತಿ ಇದ್ದರೆ ವೈರ್ ಇನ್ನೂ ದಪ್ಪ ಬೇಕು. ನಾಲ್ಕೈದು ಗಾಡಿ ಇದ್ದರೆ ಎಲ್ಲರೂ ಸೇರಿ ಅಸೋಸಿಯೇಶನ್ ಹೆಸರಿನಲ್ಲಿ ಒಂದು ಇವಿ ಸಂಪರ್ಕ ತೆಗೆದು ಸಬ್ ಮೀಟರ್ ಹಾಕಿಸುವುದು ಎಲ್ಲಕ್ಕಿಂತ ಅಗ್ಗ. ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ಕಮಿಟಿ ಬದಲಾದರೆ ಅದು ಉಳಿಯುವುದಿಲ್ಲ.

8. ಹೊರಗಿನ ಚಾರ್ಜಿಂಗ್: ದೂರ ಹೋಗುವಾಗ ಮಾತ್ರ

ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 20 ರೂಪಾಯಿ ಇದ್ದರೆ 18% ಜಿಎಸ್‌ಟಿ ಸೇರಿ 23.60 ಆಗುತ್ತದೆ. ಕಾರಿಗೆ ಕಿಲೋಮೀಟರ್‌ಗೆ 3.30 ರೂಪಾಯಿ. ಮನೆಯಲ್ಲಿ ಯೂನಿಟ್‌ಗೆ 6.70ರ ದರದಲ್ಲಿ ಅದೇ ಕಿಲೋಮೀಟರ್ 1 ರೂಪಾಯಿಯ ಒಳಗೆ. ಆಪ್‌ನಲ್ಲಿ ಕಾಣುವ ದರ ತೆರಿಗೆ ಸೇರಿಸಿಯೋ ಸೇರಿಸದೆಯೋ ನೋಡಿ. ಚಾರ್ಜ್ ಮುಗಿದ ಮೇಲೂ ಚಾರ್ಜರ್‌ನ ಗನ್ (ಗಾಡಿಗೆ ಸಿಕ್ಕಿಸುವ ಪ್ಲಗ್) ಹಾಕಿಯೇ ಬಿಟ್ಟರೆ ಕೆಲವು ಕಡೆ ನಿಮಿಷದ ಲೆಕ್ಕದಲ್ಲಿ ದಂಡ ಬೀಳುತ್ತದೆ. 80% ಆದ ಮೇಲೆ ವೇಗ ಇಳಿಯುತ್ತದೆ, ಅಲ್ಲಿಗೆ ಹೊರಡಿ.

ಶಿರಾಡಿ ಘಾಟಿಯ ಲೆಕ್ಕ ಬೇರೆ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,700 ಕೆ.ಜಿ. ತೂಗುವ ಕಾರನ್ನು ಅಷ್ಟು ಮೇಲೆ ಎತ್ತುವುದಕ್ಕೇ 4ರಿಂದ 5 ಯೂನಿಟ್ ಬೇಕು, ಓಡುವ ಖರ್ಚು ಬೇರೆ. ಹೋಗುವಾಗ ಮನೆಯಲ್ಲೇ ತುಂಬಿಸಿ ಹೊರಡಿ. ಬರುವಾಗ ಸಕಲೇಶಪುರದಲ್ಲಿ ಪೂರ್ತಿ ತುಂಬಿಸಬೇಡಿ. ಶಿರಾಡಿ ಇಳಿಯುವಾಗ ಬ್ರೇಕಿನಿಂದ ಬ್ಯಾಟರಿಗೆ ಒಂದಿಷ್ಟು ಕರೆಂಟ್ ವಾಪಸ್ ಬರುತ್ತದೆ. ಬ್ಯಾಟರಿ ತುಂಬಿದ್ದರೆ ಅದಕ್ಕೆ ಜಾಗ ಇರುವುದಿಲ್ಲ. ದುಡ್ಡು ಕೊಟ್ಟು ತುಂಬಿಸಿದ್ದೂ ದಂಡ, ಪುಕ್ಕಟೆ ಬರುವುದೂ ಹೋಯಿತು.

9. ಸೋಲಾರ್ ಯಾರಿಗೆ?

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಗೆ ಅವಸರ ಬೇಡ. ತಿಂಗಳಿಗೆ 250-300 ಯೂನಿಟ್ ದುಡ್ಡು ಕೊಟ್ಟು ಸುಡುವವರಿಗೆ ಚೆನ್ನಾಗಿ ಕೂಡಿ ಬರುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಹಾಯಧನ ಇದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಉತ್ಪಾದನೆ ತುಂಬಾ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮಾಡಿನ ಮೇಲೆ ತೆಂಗಿನ ಮರದ ನೆರಳು ಬೆಳಿಗ್ಗೆ 9ರಿಂದ 3ರ ಮಧ್ಯೆ ಎಲ್ಲೆಲ್ಲಿ ಬೀಳುತ್ತದೆ ಎಂದು ಒಂದು ದಿನ ಕೂತು ನೋಡಿ. ಒಂದು ಸೋಗೆಯ ನೆರಳೂ ಪ್ಯಾನಲ್‌ನ ಕೆಲಸ ಕೆಡಿಸುತ್ತದೆ.

10. ಮೊದಲ ಮೂರು ಬಿಲ್ ಜೊತೆಗಿಟ್ಟು ನೋಡಿ

ಗಾಡಿ ಬಂದ ದಿನದ ಮೀಟರ್ ರೀಡಿಂಗ್, ಗಾಡಿಯ ಕಿಲೋಮೀಟರ್ ಎರಡರದ್ದೂ ಫೋಟೋ ತೆಗೆದಿಡಿ. ಪ್ರತಿ ಬಿಲ್ ಬಂದ ದಿನ ಮತ್ತೆ ತೆಗೆಯಿರಿ. ಜಾಸ್ತಿ ಆದ ಯೂನಿಟ್ ಎಷ್ಟು, ಓಡಿದ್ದು ಎಷ್ಟು ಎಂದು 2ನೇ ಹಂತದ ಅಂಕಿಯ ಜೊತೆ ಹೋಲಿಸಿ.

ಸ್ಕೂಟರ್ 100 ಕಿ.ಮೀ.ಗೆ 5 ಯೂನಿಟ್‌ಗಿಂತ, ಕಾರು 18ಕ್ಕಿಂತ ಜಾಸ್ತಿ ಎಳೆಯುತ್ತಿದ್ದರೆ ಏನೋ ಸರಿ ಇಲ್ಲ. ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಚಕ್ರ ಎತ್ತಿ ತಿರುಗಿಸಿ, ನಮ್ಮ ಉಪ್ಪುಗಾಳಿಗೆ ಇದು ಆಗುತ್ತಿರುತ್ತದೆ. ಎರಡೂ ಸರಿ ಇದ್ದರೆ ಚಾರ್ಜ್ ಹಾಕಿ ಅರ್ಧ ಗಂಟೆ ಬಿಟ್ಟು ಸ್ವಿಚ್ ಆಫ್ ಮಾಡಿ, ಪ್ಲಗ್‌ನ ಹೊರಮೈ ಮೇಲೆ ಕೈಯ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಆ ಸಾಕೆಟ್‌ನಲ್ಲಿ ಇನ್ನು ಒಂದು ರಾತ್ರಿಯೂ ಚಾರ್ಜ್ ಹಾಕಬೇಡಿ. ಎಲೆಕ್ಟ್ರಿಷಿಯನ್‌ಗೆ ಅವತ್ತೇ ಫೋನ್ ಮಾಡಿ.